ಕಾಡಕ್ಕಿಯ ಭಾರ

"ಮಾರ್ಲಿಸ್!"

ಚರ್ಚಿನ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಲೇ ಆರ್ಡೆನ್ ಕರೆದ. ವಾರವಿಡೀ ರಸ್ತೆಯ ಹಿಮ ಬಳಿಯುವ ಲಾರಿ ಓಡಿಸಿ ಅವನ ಕಣ್ಣು ಕೆಂಪಾಗಿತ್ತು. ಆದರೂ ಅವಳನ್ನು ಕಂಡೊಡನೆ ಮುಖ ಅರಳಿತು.

ಕಾಫಿಯ ಹೂಜಿ ಹಿಡಿದು ನಿಂತಿದ್ದ ಮಾರ್ಲಿಸ್‌ಗೆ ಅಡುಗೆಮನೆಯೊಳಗೆ ಓಡಿಬಿಡಬೇಕೆನ್ನಿಸಿತು.

'ದೇವರೇ... ಇವತ್ತೊಂದು ದಿನ ಅಪ್ಪಿಕೊಳ್ಳದಿರಲಿ!'

ಆದರೆ ಈಸ್ಟರ್ ಕಳೆದ ಮೇಲೆ ಮದುವೆಯಾಗಲಿರುವ ಗಂಡು. ಹೂಜಿಯನ್ನು ಅವಳ ಕೈಯಿಂದ ತೆಗೆದು ಮೇಜಿನ ಮೇಲಿಟ್ಟ; ಎರಡೂ ತೋಳು ಬಳಸಿ ಗಟ್ಟಿಯಾಗಿ ತಬ್ಬಿಕೊಂಡ.

ಮರುಕ್ಷಣ ಅವನ ತೋಳು ಸಡಿಲವಾಯಿತು.

ಅವನು ಹಿಂದೆ ಸರಿದ. ಅವಳ ಎದೆಯ ಕಡೆ ಒಮ್ಮೆ ನೋಡಿದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಆರ್ಡೆನ್... ಏನಾಯ್ತು?"

"ಏನಿಲ್ಲ. ಲಾರಿ... ಲಾರಿ ಆಫ್ ಮಾಡದೇ ಬಂದುಬಿಟ್ಟೆ."

ಟೋಪಿಯನ್ನು ಕೈಯಲ್ಲೇ ಹಿಡಿದು ಮೆಟ್ಟಿಲು ಹತ್ತಿ ಹೋಗಿಬಿಟ್ಟ. ಕಾಫಿಯನ್ನೂ ಮುಟ್ಟಲಿಲ್ಲ.

ಅವಳ ಬೂಟಿನ ಪಕ್ಕದಲ್ಲಿ ಟಪಟಪನೆ ಏನೋ ಉದುರಿತು. ಕಪ್ಪಗೆ, ಸಣ್ಣಗೆ, ಉದ್ದುದ್ದ.

"ಅಯ್ಯೋ ದೇವರೇ, ಇಲಿ ಹಿಕ್ಕೆ!" ಎಂದು ಮುದುಕಿ ಬರ್ನಿಸ್ ಕಿರುಚಿದಳು. ಆ ಚರ್ಚಿನ ಅಡುಗೆಮನೆ ಅವಳ ರಾಜ್ಯ. "ನಾನು ಪಾದ್ರಿಗೆ ಹೇಳ್ತಾನೇ ಇದ್ದೆ, ಬೆಕ್ಕು ಸಾಕಿ ಅಂತ. ಕೇಳಿದ್ರಾ? ಮಾರ್ಲಿಸ್, ಅಲ್ಲೇ ನಿಂತ್ಕೋ, ತುಳೀಬೇಡ!"

ಮಾರ್ಲಿಸ್ ಎದೆಗೆ ಕೈಯೊತ್ತಿ ನಿಂತಳು. ಅದು ಇಲಿಯದಲ್ಲ, ಅಕ್ಕಿ ಎಂದು ಹೇಳುವ ಧೈರ್ಯ ಅವಳಿಗೆ ಎಲ್ಲಿಂದ ಬರಬೇಕು?

ಮೂರು ಮಕ್ಕಳಿಗೆ ಹಾಲೂಡಿಸಿದ ಎದೆ ಅವಳದು. ಆಮೇಲೆ ಕಾಯಿಲೆಯಲ್ಲಿ ಮೈ ಇಳಿಯಿತು. ಎದೆ ಚರ್ಮವಾಗಿ ಜೋತುಬಿತ್ತು. ಮೊದಲ ಗಂಡ ಒಂದು ದಿನ ಬಚ್ಚಲಿನ ಬಾಗಿಲಲ್ಲಿ ನಿಂತು, "ಖಾಲಿ ಚೀಲ ಕಣೇ" ಎಂದು ನಕ್ಕಿದ್ದ. ಅವನು ಬಿಟ್ಟುಹೋಗಿ ಎಷ್ಟೋ ಕಾಲವಾಯಿತು. ಮಾತು ಮಾತ್ರ ಮನೆಯಲ್ಲೇ ಉಳಿಯಿತು. ಅಂದಿನಿಂದ ಅವಳು ಟವೆಲ್ ಸುತ್ತಿಕೊಳ್ಳದೆ ಕನ್ನಡಿಯ ಮುಂದೆ ನಿಂತವಳಲ್ಲ.

ಆ ಚಳಿಗಾಲದಲ್ಲಿ ಧೈರ್ಯ ಮಾಡಿ ಡುಲೂತ್ ನಗರದ ಒಬ್ಬ ಡಾಕ್ಟರಮ್ಮನ ಬಳಿ ಹೋಗಿದ್ದಳು. ಎದೆಯನ್ನು ಎತ್ತಿ ಹೊಲಿಯುವುದು, ಜೊತೆಗೇ ಒಳಗೆ ಇಂಪ್ಲಾಂಟ್ ಇಡುವುದು, ಎರಡೂ ಒಂದೇ ಸಲಕ್ಕೆ.

ಡಾಕ್ಟರಮ್ಮ ಅವಳ ಅಂಗೈಯಲ್ಲಿ ಎರಡು ಮೆತ್ತನೆಯ ಉಂಡೆಗಳನ್ನಿಟ್ಟರು. "ಇದು ಗುಂಡಗಿನದು. ಇದು ನೀರ ಹನಿಯ ಆಕಾರದ್ದು. ಹನಿಯಂಥದ್ದು ಒಳಗೆ ತಿರುಗಿಬಿಟ್ಟರೆ ಎದೆಯ ಆಕಾರ ಕೆಡುತ್ತೆ. ಗುಂಡಗಿನದು ತಿರುಗಿದರೂ ಗುಂಡಗೇ."

"ಅಳತೆ?"

"ಅದನ್ನ ಅವಸರದಲ್ಲಿ ಹೇಳಬೇಡಿ. ದೊಡ್ಡದಾದಷ್ಟೂ ಭಾರ. ನಾವು ಎತ್ತಿ ಹೊಲಿದದ್ದನ್ನ ಆ ಭಾರವೇ ಮತ್ತೆ ಕೆಳಗೆಳೆಯುತ್ತೆ. ತೆಳು ಕಾಲುಚೀಲದಲ್ಲಿ ಅಕ್ಕಿ ತುಂಬಿ, ಗಂಟು ಕಟ್ಟಿ, ಬ್ರಾ ಒಳಗಿಟ್ಟುಕೊಂಡು ದಿನವಿಡೀ ಓಡಾಡಿ ನೋಡಿ. ಬೇಕಾದರೆ ನಿಮ್ಮವರನ್ನೂ ಕೇಳಿ. ಆದರೆ ಹೊರುವವರು ನೀವು."

ನಿಮ್ಮವರನ್ನು ಕೇಳಿ! ಅದೇ ಅವಳಿಂದ ಆಗದ ಕೆಲಸ. 'ಇನ್ನೂ ನೋಡದ ಎದೆಯ ಬಗ್ಗೆ ಅವನನ್ನು ಏನೆಂದು ಕೇಳಲಿ?'

ಮನೆಯಲ್ಲಿ ಬಿಳಿ ಅಕ್ಕಿ ಇರಲಿಲ್ಲ. ಅದಕ್ಕೆಂದು ಅಂಗಡಿಗೆ ಹೋಗಲೂ, ಯಾಕೆಂದು ಯಾರಿಗಾದರೂ ಗೊತ್ತಾಗಿಬಿಡುತ್ತದೋ ಎಂಬಂತೆ, ನಾಚಿಕೆ. ಕಪಾಟಿನಲ್ಲಿ ಇದ್ದದ್ದು ಕಾಡಕ್ಕಿ. ಸರೋವರದ ನೀರಲ್ಲಿ ಬೆಳೆಯುವ, ಸೂಜಿಯಂಥ ಮೊನೆಯ ಕಪ್ಪಕ್ಕಿ. ಕ್ರಿಸ್ಮಸ್ಸಿಗೆ ಆರ್ಡೆನ್ನೇ ಉಡುಗೊರೆ ಕೊಟ್ಟಿದ್ದ. ಅದನ್ನೇ ತುಂಬಿ ದೊಡ್ಡದೊಂದು ಜೊತೆ, ಸಣ್ಣದೊಂದು ಜೊತೆ ಮಾಡಿದ್ದಳು. ಆ ಭಾನುವಾರ ಚರ್ಚಿಗೆ ಹಾಕಿಕೊಂಡು ಹೋದದ್ದು ದೊಡ್ಡದು. ಅವನ ಅಪ್ಪುಗೆಗೆ ಅಕ್ಕಿಯ ಮೊನೆ ಚುಚ್ಚಿ ಕಾಲುಚೀಲ ಹರಿದಿತ್ತು.

'ಅವನ ಕೈಗೆ ಸಿಕ್ಕಿತು. ಅಸಹ್ಯವಾಯಿತು. ಸುಳ್ಳು ಹೆಂಗಸು ಅಂದುಕೊಂಡ...'

ಅವನು ಫೋನ್ ಮಾಡಲಿಲ್ಲ. ಅವಳೂ ಮಾಡಲಿಲ್ಲ. ನಂಬರು ತೆಗೆಯುವಳು, ಮತ್ತೆ ಫೋನ್ ಕೆಳಗಿಡುವಳು. ಪ್ರಾರ್ಥನೆಗೆ ಕೂತರೆ ಮಾತು ಬಾರದು. ಏನೆಂದು ಬೇಡುವುದು? ನನ್ನ ಎದೆ ನೆಟ್ಟಗಾಗಲಿ ಎಂದೇ? ದೇವರಿಗೆ ಹೇಳಲೂ ಸಂಕೋಚವಾಗುವ ಸಂಕಟಗಳಿವೆ. ದೇವರಿಗೆ ಅವೂ ಗೊತ್ತು ಎಂಬುದು ಆ ಹೊತ್ತಿಗೆ ನೆನಪಾಗುವುದಿಲ್ಲ.

ಒಂದೇ ಒಂದು ಅವಳಿಗೆ ಅರ್ಥವಾಗಲಿಲ್ಲ.

ಬೆಳಗಿನ ಮಬ್ಬಿನಲ್ಲಿ ಅವನ ಲಾರಿ ಅವಳ ಬೀದಿಗೆ ಬರುತ್ತಿತ್ತು. ಊರಿನ ಎಲ್ಲ ಮನೆಗಳ ಮುಂದೆಯೂ ಬಳಿದ ಹಿಮ ಗುಡ್ಡೆಯಾಗಿ ಕಾರಿನ ದಾರಿಗೆ ಅಡ್ಡ ಬೀಳುತ್ತದೆ. ಜನ ಗುದ್ದಲಿ ಹಿಡಿದು ಬೈಯುತ್ತಾರೆ. ಅವಳ ಮನೆಯ ಮುಂದೆ ಮಾತ್ರ ಆರ್ಡೆನ್ ಲಾರಿಯ ಮುಂದಿನ, ಹಿಮ ತಳ್ಳುವ ಆ ದೊಡ್ಡ ಅಲಗನ್ನು ಎತ್ತಿಕೊಂಡು ದಾಟುತ್ತಿದ್ದ. ಪ್ರೀತಿ ಶುರುವಾದದ್ದೇ ಹಾಗೆ. ಈಗಲೂ ಎತ್ತುತ್ತಿದ್ದ! ಆದರೆ ಲಾರಿ ನಿಲ್ಲಿಸುತ್ತಿರಲಿಲ್ಲ. ತಲೆ ತಿರುಗಿಸಿಯೂ ನೋಡುತ್ತಿರಲಿಲ್ಲ.

ಒಂದು ಬೆಳಗ್ಗೆ ಅವಳು ತಡೆಯಲಾರದೆ ಕೋಟಿನ ಗುಂಡಿಯನ್ನೂ ಹಾಕದೆ ಹೋಗಿ ರಸ್ತೆಯ ನಡುವೆ ನಿಂತಳು.

ಲಾರಿ ಕಿರ್ರನೆ ನಿಂತಿತು. ಆರ್ಡೆನ್ ಧುಮುಕಿದ.

"ತಲೆ ಕೆಟ್ಟಿದೆಯಾ ನಿಂಗೆ? ಈ ಹಿಮದಲ್ಲಿ ಬ್ರೇಕು ಹಿಡೀದೇ ಇದ್ದಿದ್ರೆ?"

"ಹಿಡೀದಿದ್ರೆ ಒಳ್ಳೇದೇ ಆಗ್ತಿತ್ತು! ಬೇಡ ಅಂದ್ರೆ ಬೇಡ ಅಂತ ಹೇಳು. ದಾರಿ ಮಾತ್ರ ತೆರೆದಿಟ್ಟು, ಮುಖ ತಿರುಗಿಸ್ಕೊಂಡು ಹೋಗೋದು ಯಾವ ಶಿಕ್ಷೆ?"

ಆರ್ಡೆನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಯಾವ ಕಡೆ?"

"ಏನು ಯಾವ ಕಡೆ?"

"ಗಂಟು, ಮಾರ್ಲಿಸ್. ಯಾವ ಕಡೆಗಿದೆ?"

ಅವಳು ತೆರೆದ ಕೋಟನ್ನು ಎದೆಗೆ ಎಳೆದುಕೊಂಡಳು.

"ಐಲೀನ್ ಎದೆಯ ಕ್ಯಾನ್ಸರ್ ಗಂಟನ್ನ ಒಂದು ಚಳಿಗಾಲ ಪೂರ್ತಿ ಮುಚ್ಚಿಟ್ಳು," ಎಂದ ಆರ್ಡೆನ್. ಐಲೀನ್ ಅವನ ತೀರಿಕೊಂಡ ಹೆಂಡತಿ. "ಎದೆ ತೆಗೆದ ಮೇಲೆ ಹಕ್ಕಿಕಾಳು ತುಂಬಿದ ಚೀಲ ಹೊಲಿದು ಒಳಗಿಟ್ಕೋತಿದ್ಳು. ತಬ್ಬಿಕೊಂಡಾಗ ಕಾಳು ಸರಿಯೋದು... ಆ ಸದ್ದು, ಆ ಗಟ್ಟಿ... ಭಾನುವಾರ ನಿನ್ನ ಎದೇಲೂ ಅದೇ ಸಿಕ್ತು. ಆಪರೇಷನ್ ಆಗೇ ಹೋಗಿದೆಯೋ, ಇನ್ನು ಆಗಬೇಕೋ ಗೊತ್ತಾಗ್ಲಿಲ್ಲ. ಕೇಳೋ ಶಕ್ತಿ ಇರಲಿಲ್ಲ ಕಣೇ. ಇನ್ನೊಂದ್ಸಲ ಮಣ್ಣು ಹಾಕೋಕೆ ನನ್ನ ಕೈಲಿ ಆಗಲ್ಲ. ಹೇಡಿ ನಾನು! ಅಲಗೊಂದು ಎತ್ತೋಕಷ್ಟೇ ಬಂತು..."

ಅಷ್ಟು ದೊಡ್ಡ ಮನುಷ್ಯ ನಡುರಸ್ತೆಯಲ್ಲಿ ಮಗುವಿನಂತೆ ಬಿಕ್ಕಿದ.

ಮಾರ್ಲಿಸ್ ಅವನ ತೋಳು ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಡ್ರಾಯರ್ ಎಳೆದು ನಾಲ್ಕೂ ಗಂಟುಗಳನ್ನು ಮೇಜಿನ ಮೇಲೆ ಇಟ್ಟಳು. ಒಂದು ಹರಿದಿತ್ತು.

"ಗಂಟು ಇವೇ. ಬೇರೆ ಯಾವ ಗಂಟೂ ಇಲ್ಲ."

ನಾಚಿಕೆಯಿಂದ ಕಿವಿ ಕೆಂಪಾಗಿ, ತಲೆಯೆತ್ತದೆ, ಎಲ್ಲವನ್ನೂ ಹೇಳಿದಳು. ಮಕ್ಕಳು, ಕಾಯಿಲೆ, ಬಚ್ಚಲ ಬಾಗಿಲಿನ ಆ ನಗು, ಡಾಕ್ಟರಮ್ಮ.

ಆರ್ಡೆನ್ ಹರಿದ ಗಂಟನ್ನು ಎತ್ತಿ ಮೂಸಿದ.

"ಇದು... ಕಾಡಕ್ಕಿ! ನಾನು ಕೊಟ್ಟದ್ದು?"

"ಹೂಂ."

"ಬೇರೆ ಅಕ್ಕಿ ಸಿಗಲಿಲ್ವೇನೇ ನಿಂಗೆ? ಬೆಳ್ಳಿ ಬೆಲೆ ಅದಕ್ಕೆ!"

ಅವನು ನಕ್ಕ. ನಗುತ್ತ ನಗುತ್ತಲೇ ಮತ್ತೆ ಅಳು ಬಂತು. ಅವಳೂ ಅತ್ತಳು.

ಆದರೆ ಅಳು ನಿಂತ ಮೇಲೆ ಅವನು ಗಂಭೀರನಾದ.

"ಕಾಯಿಲೆ ಇಲ್ಲ ಅಂದ್ಮೇಲೆ ಆಪರೇಷನ್ ಯಾಕೆ? ನಂಗೋಸ್ಕರ ಆದ್ರೆ ಬೇಡ."

"ನಿಂಗೋಸ್ಕರ ಅಲ್ಲ. ಒಂದ್ಸಲ, ಒಂದೇ ಒಂದ್ಸಲ, ಟವೆಲ್ ಇಲ್ಲದೆ ಕನ್ನಡಿ ಮುಂದೆ ನಿಲ್ಬೇಕು ಆರ್ಡೆನ್."

"ಮತ್ತು ಬರಿಸ್ತಾರೆ. ಎಚ್ಚರ ಆಗದಿದ್ರೆ?"

ಹರಿದ ಗಂಟಿನಿಂದ ಉದುರಿದ ಕಾಳುಗಳನ್ನು ಅವಳು ಬೆರಳಲ್ಲಿ ಒಟ್ಟುಮಾಡಿದಳು.

"ಬೇಡ ಅನ್ನೋಕೆ ನಂಗೆ ಹಕ್ಕಿಲ್ಲ. ಹೋಗು ಅನ್ನೋಕೆ ಬಾಯಿ ಬರ್ತಿಲ್ಲ," ಎಂದ ಅವನು.

"ಎರಡೂ ಬೇಡ. ಹೊರಗೆ ಕೂತಿರು. ಅಷ್ಟೇ ಸಾಕು."

ಅವನು ಆಗಲೆಂದು ತಲೆಯಾಡಿಸಿದ.

ಅವಳು ಒಂದು ಕೈಯಲ್ಲಿ ದೊಡ್ಡದು, ಇನ್ನೊಂದರಲ್ಲಿ ಸಣ್ಣದು ಹಿಡಿದಳು. "ಯಾವುದು ಹೇಳು?"

"ನನ್ನನ್ನ ಕೇಳ್ಬೇಡ ಮಾರಾಯ್ತಿ! ನಿನ್ನ ಭುಜ ಏನು ಹೇಳ್ತು?"

"ದೊಡ್ಡದು ಆಸೆ. ಹೇಗಿದ್ರೂ ಕತ್ತರಿಸ್ತಾರೆ, ತುಂಬಾನೇ ಆಗ್ಲಿ ಅಂತ. ಆದ್ರೆ ಭಾನುವಾರ ಪ್ರಭುವಿನ ಭೋಜನಕ್ಕೆ ಮಂಡಿಯೂರಿದೆನಲ್ಲ? ಎರಡೂ ಮುಂದಕ್ಕೆ ಜೋತುಬಿದ್ವು. ಪಾದ್ರಿ ರೊಟ್ಟಿ ಕೊಡ್ತಿದ್ರೆ ನಾನು ಆಮೆನ್ ಅನ್ನೋದು ಬಿಟ್ಟು ಇವನ್ನ ಹಿಡ್ಕೋತಿದ್ದೆ!"

"ಬರ್ನಿಸ್ ನೋಡಿದ್ಳಾ?"

"ನೋಡಿದ್ರೆ ಅವಳು ಸುಮ್ನಿರ್ತಿದ್ಳಾ?"

ಮಾರ್ಲಿಸ್ ದೊಡ್ಡ ಗಂಟನ್ನು ಕೆಳಗಿಟ್ಟಳು. ಸಣ್ಣದು ಅಂಗೈಯಲ್ಲೇ ಉಳಿಯಿತು.

"ಸಣ್ಣದು. ಗುಂಡಗಿನದು. ಮಂಡಿಯೂರಿದಾಗ ಇದೆ ಅನ್ನೋದೇ ಮರೀಬೇಕು."

ಆಪರೇಷನ್ನಿನ ಬೆಳಗ್ಗೆಯೂ ಹಿಮ ಬೀಳುತ್ತಿತ್ತು. ಸ್ಟ್ರೆಚರ್ ಒಳಗೆ ಹೋಗುವ ಮುನ್ನ ಆರ್ಡೆನ್ ಅವಳ ಬೆರಳು ಬಿಡಲಿಲ್ಲ.

"ಎದ್ದ ತಕ್ಷಣ ಏನು ಬೇಕು ಹೇಳು."

"ಸೂಪು. ಕಾಡಕ್ಕಿ ಸೂಪು."

ಬಾಗಿಲು ಮುಚ್ಚಿತು. ಹೊರಗೆ ಅವನ ದೊಡ್ಡ ಕೈಗಳಿಗೆ ಎತ್ತಲು ಯಾವ ಅಲಗೂ ಇರಲಿಲ್ಲ. ಸ್ವರ್ಗದಲ್ಲಿರುವ ನಮ್ಮ ತಂದೆಯೇ ಎಂದು ಶುರುಮಾಡುವನು. ನಿನ್ನ ಚಿತ್ತವು ನೆರವೇರಲಿ ಎನ್ನುವಲ್ಲಿಗೆ ಬಂದು ನಿಂತುಬಿಡುವನು. ಮತ್ತೆ ಮೊದಲಿನಿಂದ ಶುರುಮಾಡುವನು. ಕೊನೆಗೆ ಆ ಮಾತನ್ನು ಹೇಳಿದ. ಬೇರೇನೂ ಉಳಿದಿರಲಿಲ್ಲ.

ಮಾರ್ಲಿಸ್ ಕಣ್ಣು ಬಿಟ್ಟಾಗ ಎದೆಯ ಸುತ್ತ ಬಿಗಿಯಾದ ಪಟ್ಟಿ, ಸುತ್ತ ಮಸುಕು ಬೆಳಕು. ಆ ಬೆಳಕಿನಲ್ಲಿ ಅತ್ತು ಅತ್ತು ಊದಿಕೊಂಡ ಒಂದು ಮುಖ.

"ಇದ್ದೀಯಾ?" ಎಂದ ಅವನು.

"ಇದ್ದೀನಿ..."

"ನಿನ್ನನ್ನ ಪ್ರೀತಿಸ್ತೀನಿ ಅಂತ ನಾನು ಒಂದ್ಸಲಾನೂ ಹೇಳಿಲ್ಲ ಮಾರ್ಲಿಸ್. ಅಲಗು ಎತ್ತಿದ್ರೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ."

"ಗೊತ್ತಾಗ್ತಿತ್ತು. ಆದ್ರೂ ಹೇಳು."

ಅವನು ಬಾಗಿ ಅವಳ ಕಿವಿಯಲ್ಲಿ ಹೇಳಿದ. ಆಮೇಲೆ ಪಕ್ಕದಲ್ಲಿದ್ದ ಫ್ಲಾಸ್ಕಿನ ಮುಚ್ಚಳ ತೆರೆದು, ಒಂದು ಚಮಚ ಸೂಪನ್ನು ಊದಿ ಊದಿ ಅವಳ ತುಟಿಗೆ ಹಿಡಿದ.

ಅವಳು ಚಮಚದಲ್ಲಿದ್ದ ಕಪ್ಪಕ್ಕಿಯನ್ನು ಅನುಮಾನದಿಂದ ನೋಡಿದಳು.

"ಆರ್ಡೆನ್... ಇದು ಆ ಅಕ್ಕೀನಾ?"

"ತೊಳೆದಿದ್ದೀನಿ ಕಣೇ," ಎಂದ ಅವನು. "ಕುಡಿ."