ನಾಯಿ ಬೊಗಳದ ರಾಜ್ಯ

ಬಹಳ ಹಿಂದೆ, ಬೆಟ್ಟಗಳು ಬೇಸರವಾದಾಗ ಎದ್ದು ಜಾಗ ಬದಲಿಸುತ್ತಿದ್ದ ಕಾಲದಲ್ಲಿ, ಬೆಳ್ಳಿಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಆನೆ ಇತ್ತು, ಕುದುರೆ ಇತ್ತು, ಮಾತಾಡುವ ಗಿಳಿಯೂ ಇತ್ತು. ನಾಯಿ ಮಾತ್ರ ಒಂದೂ ಇರಲಿಲ್ಲ.

ಅದಕ್ಕೆ ಕಾರಣ ರಾಜಕುಮಾರ ರಣಧೀರ. ಆ ಹೆಸರಿಟ್ಟವರನ್ನು ಈಗ ಕೇಳಿ ಪ್ರಯೋಜನವಿಲ್ಲ. ಚಿಕ್ಕವನಿದ್ದಾಗ ತಂಗಿ ಪದ್ಮಲೆ ಸಾಕಿದ್ದ ಕೆಂಚ ಎಂಬ ನಾಯಿ ಅವನ ಮೇಲೆ ಹಾರಿ, ಕೈಯಲ್ಲಿದ್ದ ಹೋಳಿಗೆ ಕಿತ್ತುಕೊಂಡು ಓಡಿತ್ತು. ಹೋದದ್ದು ಬರೀ ಹೋಳಿಗೆ. ಆದರೆ ಅಂದಿನಿಂದ ನಾಯಿ ಬೊಗಳಿದರೆ ಸಾಕು, ಹುಡುಗನ ಕೈಕಾಲು ತಣ್ಣಗಾಗುತ್ತಿತ್ತು. ಮಗ ಅತ್ತರೆ ರಾಣಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಮೊದಲು ಕೆಂಚನನ್ನು ಓಡಿಸಿದಳು, ಆಮೇಲೆ ಬೀದಿಯ ನಾಯಿಗಳನ್ನು, ಕೊನೆಗೆ ಇಡೀ ಊರಿನ ನಾಯಿಗಳನ್ನು. ಪದ್ಮಲೆ ಅತ್ತದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ನಾಯಿ ಹೋದರೂ ಭಯ ಹೋಗಲಿಲ್ಲ, ಇನ್ನೂ ಕೊಬ್ಬಿತು. ಕಂಬಳಿ ನಾಯಿಯ ಮೈಯಂತಿದೆ ಎಂದು ಕಂಬಳಿಗಳು ಹೋದವು. ಕೆಮ್ಮು ಬೊಗಳಿದಂತೆ ಕೇಳಿಸುತ್ತದೆ ಎಂದು ಕಾವಲುಗಾರರು ಕೆಮ್ಮು ಬಂದಾಗ ಊರಾಚೆ ಹೋಗಿ ಕೆಮ್ಮಿ ಬರುತ್ತಿದ್ದರು.

ಒಂದು ಮಧ್ಯಾಹ್ನ ಊರೆಲ್ಲ ಉಂಡು ತೂಕಡಿಸುತ್ತಿದ್ದಾಗ ಧೂಮಾಕ್ಷ ಎಂಬ ಮಾಂತ್ರಿಕ ನಡುಬೀದಿಯಲ್ಲೇ ನಡೆದು ಬಂದ. ಬೊಗಳಿ ಎಬ್ಬಿಸಲು ಒಂದು ನಾಯಿಯೂ ಇರಲಿಲ್ಲ. ಪದ್ಮಲೆಯನ್ನು ಹೊತ್ತುಕೊಂಡು ಬೆಟ್ಟದ ಮೇಲಿನ ತನ್ನ ಕೋಟೆಗೆ ಹೋದ. ಹೋಗುವಾಗ ಕೂಗಿ ಹೇಳಿದ:

"ಅವಳು ಕಾಲಿನಿಂದ ಕಲ್ಲಾಗುತ್ತಾ ಬರುತ್ತಾಳೆ. ಹುಣ್ಣಿಮೆಗೆ ಪೂರ್ತಿ ಕಲ್ಲು. ನನ್ನ ಬಾಗಿಲಲ್ಲಿ ಒಂದು ನಾಯಿ ಇದೆ. ಒಡಹುಟ್ಟಿದವನು ಬಂದು ಅದರ ತಲೆ ಮುಟ್ಟಿದರೆ ಬಾಗಿಲು ತೆರೆಯುತ್ತದೆ."

ಹೇಳಿ ನಕ್ಕ. ಒಡಹುಟ್ಟಿದವನು ಎಂಥವನೆಂದು ಅವನಿಗೆ ಗೊತ್ತಿತ್ತು.

ರಾಜ ಸೈನ್ಯ ಕಳಿಸಿದ. ಕತ್ತಿಗಳು ಆ ನಾಯಿಯೊಳಗೆ ಹೊಗೆಯೊಳಗೆ ಹೋದಂತೆ ಹೋಗಿ ಬಂದವು. ಯಾರಾದರೂ ಹೆದರಿ ಒಂದು ಹೆಜ್ಜೆ ಹಿಂದಿಟ್ಟರೆ ಅದು ಒಂದು ಮೊಳ ಬೆಳೆಯುತ್ತಿತ್ತು, ಅದೇ ಅದಕ್ಕಿದ್ದ ಮಾಯೆ. ಇಡೀ ಸೈನ್ಯ ಎದ್ದೆನೋ ಬಿದ್ದೆನೋ ಎಂದು ಓಡಿ ಬಂತು. ಈಗ ನಾಯಿ ಕೋಟೆಗಿಂತ ಎತ್ತರವಾಗಿತ್ತು.

ರಣಧೀರ ಬಾಗಿಲು ಹಾಕಿಕೊಂಡು ಅತ್ತ. ಆಮೇಲೆ ಯಾರಿಗೂ ಹೇಳದೆ ಊರಾಚೆಯ ಮಂಟಪಕ್ಕೆ ಹೋದ. ಓಡಿಸಿದ ನಾಯಿಗಳಿಗೆ ಅಲ್ಲಿ ಈರಜ್ಜಿ ಎಂಬ ಮುದುಕಿ ಅನ್ನ ಹಾಕುತ್ತಿದ್ದಳು. ಮಂಟಪ ಕಣ್ಣಿಗೆ ಬೀಳುವ ಮೊದಲೇ ನಿಂತು, ಅವಳನ್ನು ಕೂಗಿ ಕರೆದ.

"ಅಜ್ಜೀ, ಭಯ ಹೋಗೋಕೆ ಬೇರೋ ತಾಯಿತವೋ ಏನಾದ್ರೂ ಇದೆಯಾ?"

"ಇದ್ದಿದ್ರೆ ನಾನೇ ಕಟ್ಕೊಳ್ತಿದ್ದೆ ಮಗ. ನಂಗೆ ಹಲ್ಲಿ ಕಂಡ್ರೆ ಆಗಲ್ಲ" ಎಂದಳು ಅಜ್ಜಿ. "ಆದ್ರೆ ಭಯ ಬಿಸಿ ಅಂಬಲಿ ಇದ್ದ ಹಾಗೆ, ಕೂತು ಕಾದ್ರೆ ತಣಿಯುತ್ತೆ. ಮುಂಚೆನೇ ಎದ್ದು ಓಡಿದ್ರೆ ನಾಲಗೆ ಸುಟ್ಟಿದ್ದಷ್ಟೇ ನೆನಪಿರುತ್ತೆ. ನೀನು ಒಂದು ಸಲನೂ ತಣಿಯೋವರೆಗೆ ಕೂತಿಲ್ಲ. ನಿಮ್ಮಮ್ಮ ಬಿಟ್ಟಿಲ್ಲ."

ಮೊದಲು ಅವನನ್ನು ಮಂಟಪದ ಗೋಡೆಯ ಹಿಂದೆ ಕೂರಿಸಿ ಬರೀ ಬೊಗಳುವುದನ್ನು ಕೇಳಿಸಿದಳು. ಎದೆ ಡವಡವ ಎಂದಿತು, ಬೆವರು ಕಿತ್ತುಕೊಂಡು ಬಂತು, ಸತ್ತೇ ಹೋದೆ ಅನಿಸಿತು. ಕೂತ. ಎಷ್ಟೋ ಹೊತ್ತಿನ ಮೇಲೆ ಎದೆ ತಾನಾಗಿ ಸುಮ್ಮನಾಯಿತು. ಅವನಿಗೆ ನಂಬಿಕೆಯೇ ಬರಲಿಲ್ಲ. ಅಷ್ಟರಲ್ಲಿ ಅರಮನೆಯ ಗಿಳಿ ಕೋಟೆಗೆ ಹೋಗಿ ನೋಡಿ ಬಂದು, "ಕಲ್ಲು ಮಂಡಿವರೆಗೆ" ಎಂದಿತು.

ಎರಡನೆಯದಾಗಿ, ಕಟ್ಟಿಹಾಕಿದ ಒಂದು ಮುದಿ ನಾಯಿಯನ್ನು ದೂರದಿಂದ ತೋರಿಸಿದಳು. ರಣಧೀರ ಕಣ್ಣು ಮುಚ್ಚಿಕೊಂಡು ಕೂತ.

"ಇದ್ಯಾವ ಸೀಮೆ ನೋಡೋದು? ಕಣ್ಣು ಬಿಡು."

ಬಿಟ್ಟ. ಅದೇ ಹೊತ್ತಿಗೆ ನಾಯಿ ಕೆರೆದುಕೊಳ್ಳಲು ಎದ್ದಿತು. ರಾಜಕುಮಾರ ಅರಮನೆ ಮುಟ್ಟುವವರೆಗೆ ಹಿಂದಿರುಗಿ ನೋಡಲಿಲ್ಲ. ಮರುದಿನ ನಾಚಿಕೆಯಿಂದ ಬಂದಾಗ ಅಜ್ಜಿ ಬೈಯಲಿಲ್ಲ. ಇನ್ನಷ್ಟು ದೂರ ಚಾಪೆ ಹಾಸಿ, ಅಲ್ಲಿಂದ ದಿನಕ್ಕಿಷ್ಟು ಹತ್ತಿರ ಎಳೆದಳು. ಗಿಳಿ ಬಂದು "ಸೊಂಟದವರೆಗೆ" ಎಂದಾಗ ಅವನ ತಾಳ್ಮೆ ತಪ್ಪಿತು.

"ಅಜ್ಜೀ, ನನ್ನ ಎತ್ತಿ ನಾಯಿಗಳ ಮಧ್ಯೆ ಎಸೆದುಬಿಡು. ಒಂದೇ ಸಲ ಮುಗೀಲಿ."

"ಎಸೀಬಹುದು. ಆಮೇಲೆ ನೀನು ಆ ಬೆಟ್ಟದ ಕಡೆ ತಲೆ ಹಾಕಿ ಮಲಗಲ್ಲ."

ಮೂರನೆಯದಾಗಿ, ಅಂಗೈಯಲ್ಲಿ ರೊಟ್ಟಿ ಇಟ್ಟು ಚಾಚು ಎಂದಳು. ಮುದಿ ನಾಯಿ ರೊಟ್ಟಿ ತಿಂದು ಕೈ ನೆಕ್ಕಿತು. ನಾಲಗೆ ಬೆಚ್ಚಗೆ, ಒದ್ದೆಯಾಗಿತ್ತು, ಅಷ್ಟೆ. ಅವನು ನಡುಗುತ್ತಲೇ ಅದರ ತಲೆ ಮುಟ್ಟಿದ. ಆಗ ಗಿಳಿ ಬಂದು "ಎದೆವರೆಗೆ, ಇವತ್ತೇ ಹುಣ್ಣಿಮೆ" ಎಂದಿತು.

ಇಬ್ಬರೂ ಕೋಟೆಯತ್ತ ಹೊರಟರು. ಬೆಟ್ಟದ ಬುಡದಲ್ಲಿ ಅಜ್ಜಿ ನಿಂತುಬಿಟ್ಟಳು.

"ನೀನೂ ಬಾ ಅಜ್ಜಿ."

"ಬಂದ್ರೆ ನನ್ನ ಸೆರಗು ಹಿಡ್ಕೊಳ್ತೀಯ. ನಾನಿಲ್ಲೇ ಎಲೆಅಡಿಕೆ ಹಾಕ್ಕೊಂಡು ಕೂತಿರ್ತೀನಿ."

ರಣಧೀರ ಒಬ್ಬನೇ ಹತ್ತಿದ. ನಾಯಿ ಬೊಗಳಿದ ರಭಸಕ್ಕೆ ಬಂಡೆಗಳು ಉರುಳಿದವು. ಹೇಗೂ ಕಾಲು ನಿಲ್ಲುತ್ತಿರಲಿಲ್ಲ, ಅಲ್ಲೇ ಕೂತ. ಕಣ್ಣು ಬಿಟ್ಟುಕೊಂಡೇ ಕೂತ. ಎದೆ ತಣಿಯುವಷ್ಟರಲ್ಲಿ ನಾಯಿ ಕುಗ್ಗಿ ಆನೆಯಷ್ಟಾಗಿತ್ತು. ಹತ್ತಿರ ಸರಿದು ಮತ್ತೆ ಕೂತ, ಕುದುರೆಯಷ್ಟಾಯಿತು. ಅದು ಹಲ್ಲು ಕಿರಿದಾಗ ತಡೆಯಲಾರದೆ ಒಂದು ಹೆಜ್ಜೆ ಹಿಂದಿಟ್ಟ, ತಟ್ಟನೆ ಒಂದು ಮೊಳ ಬೆಳೆಯಿತು. ಅಲ್ಲೇ ಮತ್ತೆ ಕೂತ. ಹೀಗೆ ಕೂತು, ಸರಿದು, ಕೂತು, ಸಂಜೆಯ ಹೊತ್ತಿಗೆ ನಾಯಿಯ ಮುಂದೆ ಬಂದಾಗ ಅದು ಬರೀ ಒಂದು ಕೆಂಪು ನಾಯಿ. ತಲೆಯ ಮೇಲೆ ಕೈಯಿಟ್ಟಾಗ ಗುರುತು ಸಿಕ್ಕಿತು. ಹೋಳಿಗೆ ಕದ್ದ ಕೆಂಚ. ಊರಿನಿಂದ ಓಡಿಸಿದ್ದ ಅದನ್ನು ಮಾಂತ್ರಿಕ ದಾರಿಯಲ್ಲಿ ಹಿಡಿದು ತನ್ನ ಬಾಗಿಲಿಗೆ ಕಟ್ಟಿಕೊಂಡಿದ್ದ.

ಬಾಗಿಲು ತೆರೆಯಿತು. ಪದ್ಮಲೆಯ ಕುತ್ತಿಗೆವರೆಗೆ ಬಂದಿದ್ದ ಕಲ್ಲು ಪುಡಿಪುಡಿಯಾಗಿ ಉದುರಿತು.

"ಇಷ್ಟು ಹೊತ್ತಾ ಅಣ್ಣ?"

"ಕೂತು ಕೂತು ಬಂದೆ ಪದ್ಮಲೆ" ಎಂದ ಅವನು. ಇಬ್ಬರಿಗೂ ಅಳು ಬಂತು.

ಧೂಮಾಕ್ಷ ಮಂತ್ರದಂಡ ಎತ್ತಿಕೊಂಡು ನುಗ್ಗಿದ. ಕೆಂಚ ಅವನತ್ತ ತಿರುಗಿ ಬೊಗಳಿತು. ತಾನೇ ಕಟ್ಟಿದ ನಾಯಿ ತನಗೇ ಬೊಗಳಿದ್ದಕ್ಕೆ ಬೆಚ್ಚಿ ಒಂದು ಹೆಜ್ಜೆ ಹಿಂದಿಟ್ಟ. ಮಾಯೆ ಕಟ್ಟಿದವನ ಮೇಲೇ ತಿರುಗಿತು, ಅವನು ಒಂದು ಮೊಳ ಕುಗ್ಗಿದ. ಹೆದರಿ ಓಡಿದ, ಓಡಿದಷ್ಟೂ ಕುಗ್ಗಿದ. ಕೊನೆಗೆ ಜೀರುಂಡೆಯಷ್ಟಾಗಿ ಕಲ್ಲಿನ ಸಂದಿಗೆ ಸೇರಿಕೊಂಡ. ಮತ್ತೆ ಹೊರಗೆ ಬರಲಿಲ್ಲ.

ಅಣ್ಣ, ತಂಗಿ, ಕೆಂಚ ಮೂವರೂ ಬೆಟ್ಟದ ಬುಡದಲ್ಲಿದ್ದ ಅಜ್ಜಿಯನ್ನು ಕರೆದುಕೊಂಡು ಊರ ಬಾಗಿಲಿಗೆ ಬಂದರು. ರಾಣಿ ಮಗಳನ್ನು ತಬ್ಬಿಕೊಂಡು ಅತ್ತಳು. ಅಷ್ಟರಲ್ಲಿ ಕೆಂಚ ಬೊಗಳಿತು. ಮಗನ ಮುಖ ಬಿಳಿಚಿದ್ದು ಕಂಡು, ಹಳೆಯ ಅಭ್ಯಾಸದಂತೆ, "ಯಾರಲ್ಲಿ, ಓಡಿಸ್ರೋ ಅದನ್ನ" ಎಂದಳು.

"ಬೇಡಮ್ಮ" ಎಂದ ರಣಧೀರ. "ಎದೆ ಹೊಡ್ಕೊಳ್ತಿದೆ. ಸ್ವಲ್ಪ ಹೊತ್ತು ಹೊಡ್ಕೊಳ್ಳಲಿ. ನೀನೂ ಕೂತ್ಕೋ."

ರಾಣಿ ಕೂತಳು. ಮಗ ನಡುಗುವುದನ್ನು ನೋಡುತ್ತಾ ಸುಮ್ಮನಿರುವುದು ಅವಳಿಗೆ ಅವನಿಗಿಂತ ಕಷ್ಟವಾಯಿತು. ಆದರೂ ಏಳಲಿಲ್ಲ.

ನಾಯಿಗಳೆಲ್ಲ ಊರಿಗೆ ಮರಳಿದವು. ಮುಂದೆ ರಣಧೀರ ರಾಜನಾದ. ಸಿಂಹಾಸನದ ಕೆಳಗೆ ಮಲಗಿದ ಕೆಂಚ ಥಟ್ಟನೆ ಬೊಗಳಿದರೆ ರಾಜನ ಕೈ ಈಗಲೂ ಬಿಗಿಯಾಗುತ್ತಿತ್ತು. ಸಭೆ ಸ್ವಲ್ಪ ಕಾಯುತ್ತಿತ್ತು, ಕೈ ಸಡಿಲವಾದ ಮೇಲೆ ಮಾತು ಮುಂದುವರಿಯುತ್ತಿತ್ತು. ಹಬ್ಬದ ಮೊದಲ ಹೋಳಿಗೆಯನ್ನು ಅವನೇ ಕೆಂಚನಿಗೆ ಕೊಡುತ್ತಿದ್ದ, ಕಿತ್ತುಕೊಳ್ಳುವ ಮೊದಲೇ. ಎಲ್ಲರೂ ಸುಖವಾಗಿದ್ದರು.

ಈರಜ್ಜಿಗೆ ಅರಮನೆಯಲ್ಲೇ ಒಂದು ಕೋಣೆ ಕೊಟ್ಟರು. ಗೋಡೆಯ ಮೇಲೆ ಹಲ್ಲಿ ಇತ್ತು. ರಾಜ ತಾನೇ ದೂರದಲ್ಲಿ ಚಾಪೆ ಹಾಸಿ ಅಜ್ಜಿಯನ್ನು ಕೂರಿಸಿ, ಪಕ್ಕದಲ್ಲಿ ಕೂತ. ಅವಳು ಬಾಯ್ತುಂಬ ಬೈದಳು. ಚಾಪೆ ಈಗ ಗೋಡೆಗೆ ಒಂದು ಮೊಳ ಹತ್ತಿರ ಬಂದಿದೆಯಂತೆ.