ಗೋಡೆಯಾಚೆಯ ನೀರು

ಲಾಂಚು ಎರಡನೆಯ ಸಲ ಗುದ್ದಿದಾಗ ದೋಣಿಯ ಹಲಗೆಯೊಂದು ಬಾಯಿ ಬಿಟ್ಟಿತು.

ನೀರು ಒಳಗೆ ಬಂತು. ಮೊದಲು ಬೂಟಿಗೆ. ಆಮೇಲೆ ಸಾಕ್ಸಿಗೆ.

"ಡಬ್ಬ ತಗೊಂಡು ನೀರು ಎತ್ತಿ ಹಾಕೋ," ಎಂದಳು ಅಕ್ಕ. ಹುಟ್ಟು ಹಾಕುವುದನ್ನು ನಿಲ್ಲಿಸಲಿಲ್ಲ.

ನನ್ನ ಸ್ವಂತ ಅಕ್ಕನಲ್ಲ. ಊರಿಗೆಲ್ಲ ಅಕ್ಕ. ಬಲೆ ಹೆಣೆಯುವವಳು, ಅರವತ್ತು ದಾಟಿದವಳು. ಇದೊಂದು ದಿನ ಅವಳು ನೀರಿಗಿಳಿಯದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ದೊಡ್ಡವರು ಕೈ ಕೊಳೆ ಮಾಡಿಕೊಳ್ಳಲು ಇಷ್ಟಪಡದ ಕಡೆಯೆಲ್ಲ ನನ್ನ ಕೈ ಬಾಡಿಗೆಗೆ ಸಿಗುತ್ತದೆ.

"ಲಾಂಚಿನವರು ನಿಮ್ಮವರೇ ಅಲ್ವೇನೋ?"

"ಬೆಳಗ್ಗೆವರೆಗೂ ಹೌದು."

"ನಿನ್ನನ್ನೂ ಸೇರಿಸಿ ಮುಳುಗಿಸ್ತಿದಾರಲ್ಲ?"

"ಅದನ್ನೇ ಯೋಚನೆ ಮಾಡ್ತಿದೀನಿ."

"ಯೋಚನೆ ಆಮೇಲೆ ಮಾಡು. ಡಬ್ಬ."

ಹಿಂದಿನದನ್ನು ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ನದಿ ಕಡಲು ಸೇರುವ ಆ ಅಳಿವೆಯಲ್ಲಿ ಈಜುವ ಮೀನೆಲ್ಲ ಕಂಪನಿಯದು. ಮೊಟ್ಟೆಯಲ್ಲಿದ್ದಾಗಲೇ ಕಂಪನಿಯದು. ಜನರಿಗೆ ಉಳಿದದ್ದು ಅಲೆ ತಡೆಯುವ ಕಲ್ಲುಗೋಡೆಯಾಚೆಯ ಒಂದು ಪಟ್ಟಿ ನೀರು ಮಾತ್ರ. ಅಲ್ಲಿ ಯಾರು ಬೇಕಾದರೂ ಮೀನು ಹಿಡಿಯಬಹುದು. ಆದರೆ ಪ್ರತಿ ಹಂಗಾಮಿನಲ್ಲೂ ಅಲ್ಲಿಯ ಒಂದು ಮೀನಾದರೂ ಸರ್ಕಾರಿ ತಕ್ಕಡಿಗೆ ಬರಬೇಕು. ಬಾರದಿದ್ದರೆ ಆ ನೀರನ್ನು ಯಾರೂ ಬಳಸುತ್ತಿಲ್ಲ ಎಂದು ಲೆಕ್ಕ. ಅದೂ ಕಂಪನಿಗೆ.

ಅಂದು ಹಂಗಾಮಿನ ಕಡೆಯ ದಿನ. ಸಂಜೆ ತಕ್ಕಡಿ ಮುಚ್ಚುತ್ತದೆ.

ಬೆಳಗ್ಗೆ ನಾನು ಅವಳ ಇಂಜಿನ್ನಿನ ಪ್ಲಗ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದೆ. ಅವಳು ಹುಟ್ಟು ತಂದಳು. ಕಸಿದುಕೊಳ್ಳಲು ದೋಣಿಗೆ ಹಾರಿದೆ. ಅವಳು ದೋಣಿ ಕಟ್ಟುವ ಧಕ್ಕೆಯನ್ನು ಕಾಲಲ್ಲಿ ಒದ್ದಳು. ದೋಣಿ ನೀರಿನ ಮೇಲೆ ಜಾರಿತು.

"ಈಜು ಬರುತ್ತೇನೋ?"

"ಇಲ್ಲ."

"ಹಾಗಾದ್ರೆ ಕೂತ್ಕೋ."

ಕೂತೆ.

ಗೋಡೆಯಾಚೆ ಅವಳು ಗಾಳ ಬಿಟ್ಟಳು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ನನ್ನ ಕಸುಬಿನಲ್ಲಿ ಮೌನ ಎಂದರೆ ಬಾಗಿಲ ಹಿಂದೆ ಯಾರೋ ಕಾದಿದ್ದಾರೆ ಎಂದು. ಅಲ್ಲಿ ಬಾಗಿಲೇ ಇರಲಿಲ್ಲ. ಏನು ಮಾಡಬೇಕೆಂದು ತೋಚದೆ ನೀರು ನೋಡುತ್ತಾ ಕೂತಿದ್ದೆ... ದಾರ ಬಿಗಿಯಿತು. ಮೀನು ಮೇಲೆ ಬಂತು. ಬಕೆಟ್ಟಿಗೆ ಬಿತ್ತು.

ಅಷ್ಟರಲ್ಲಿ ಮ್ಯಾನೇಜರ್ ಫೋನ್.

"ಎಲ್ಲಿದೀಯಾ?"

"ದೋಣಿಯಲ್ಲಿ, ಸಾರ್."

"ಯಾರ ದೋಣಿ?"

ಹೇಳಿದೆ. ಫೋನ್ ಕಟ್ಟಾಯಿತು. ಸ್ವಲ್ಪ ಹೊತ್ತಿಗೆ ಲಾಂಚು ಬಂತು.

ಮೂರನೆಯ ಸಲ ಗುದ್ದಲು ಅದು ದೂರದಿಂದ ತಿರುಗಿ ಬರುತ್ತಿತ್ತು. ಅಕ್ಕ ದೋಣಿಯನ್ನು ನೇರ ಗೋಡೆಗೆ ತಿರುಗಿಸಿದಳು.

"ಅಕ್ಕಾ, ಗೋಡೆ!"

"ಕಿಂಡಿ ಇದೆ. ಕೈ ಒಳಗೆ ಎಳ್ಕೋ."

ಎರಡೂ ಬದಿಯ ಕಲ್ಲುಗಳು ದೋಣಿಯ ಬಣ್ಣ ಕೆರೆದವು. ನಾವು ಪಾರಾದೆವು. ಲಾಂಚು ದಪ್ಪ. ಹಿಂದೆ ಏನೋ ಮುರಿದ ಸದ್ದು, ಆಮೇಲೆ ಬೈಗುಳ.

ಧಕ್ಕೆ ಮುಟ್ಟಿದಾಗ ನೀರು ಮೊಣಕಾಲಿಗೆ ಬಂದಿತ್ತು. ಬಕೆಟ್ ಹಿಡಿದು ಮೀನು ಹರಾಜಿನ ಕಟ್ಟೆಯ ಮೇಲೆ ಓಡಿದೆ. ಅಕ್ಕ ಹಿಂದೆ. ಐಸ್ ಪೆಟ್ಟಿಗೆಗಳ ಸಾಲಿನ ನಡುವೆ ಕಂಪನಿಯ ಗಾರ್ಡ್ ಅಡ್ಡ ನಿಂತಿದ್ದ. ಪರಿಚಯದವನೇ.

"ಅಣ್ಣ, ಬಕೆಟ್ ಕೊಟ್ಬಿಡು. ನಿನ್ನ ಮೇಲೆ ಕೈ ಮಾಡೋಕೆ ಮನಸ್ಸಿಲ್ಲ."

"ಹಾಗಾದ್ರೆ ಮಾಡಬೇಡ."

ಮಾಡಿದ. ಮೂಗಿನಲ್ಲಿ ಕಟಕ್ ಎಂದಿತು. ಬಿದ್ದಲ್ಲಿಂದಲೇ ಒಂದು ಪೆಟ್ಟಿಗೆಯನ್ನು ಒದ್ದೆ. ಐಸ್ ಚೆಲ್ಲಾಪಿಲ್ಲಿಯಾಯಿತು. ಅವನು ಅದರ ಮೇಲೆ ಕಾಲಿಟ್ಟ, ಅಂಗಾತ ಬಿದ್ದ. ಬಕೆಟ್ ಮಾತ್ರ ನನ್ನ ಎದೆಯ ಮೇಲೆ ನೆಟ್ಟಗಿತ್ತು.

ತೂಕದ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಮೇಜಿನ ಹಿಂದೆ ತೂಕದ ಅಧಿಕಾರಿ, ಬೇಸತ್ತ ಮುಖದವನು. ಬದಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿದ ಮ್ಯಾನೇಜರ್.

ಅಧಿಕಾರಿ ಮೀನನ್ನು ತಕ್ಕಡಿಗಿಟ್ಟ. ಅಕ್ಕನ ಕಡೆ ನೋಡಿದ.

"ಅಮ್ಮಾ, ಪ್ರತಿ ಸಲ ಹೇಳಿದ್ದೇ ಹೇಳ್ಬೇಕಾ? ಇದು ಗೋಡೆಯಾಚೆದೇ ಅಂತ ಕಣ್ಣಾರೆ ನೋಡಿದೋರು ಬೇಕು. ನೀನೊಬ್ಬಳೇ ಹೇಳಿದ್ರೆ ಆಗಲ್ಲ."

ಆಗ ನನಗೆ ಹೊಳೆಯಿತು. ಹಂಗಾಮು ಪೂರ್ತಿ ಅವಳು ಮೀನು ತಂದಿದ್ದಾಳೆ. ಕಂಪನಿಯ ಸಂಬಳ ತಿನ್ನುವ ಊರಿನಲ್ಲಿ ಒಬ್ಬನೂ ಅವಳ ದೋಣಿ ಹತ್ತಿಲ್ಲ.

"ತಂದಿದೀನಲ್ಲ," ಎಂದು ಅಕ್ಕ ನನ್ನನ್ನು ತೋರಿಸಿದಳು. "ಕಂಪನಿಯವರೇ ಕಳಿಸಿಕೊಟ್ರು."

ಮ್ಯಾನೇಜರ್ ನಕ್ಕ. "ಇವನು ನಮ್ಮ ಹುಡುಗ. ಏನೂ ನೋಡಿಲ್ಲ. ಅಲ್ವೇನಪ್ಪಾ?"

ಮೂವರೂ ನನ್ನನ್ನೇ ನೋಡಿದರು.

ಸುಳ್ಳು ಹೇಳುವುದು ನನಗೆ ಉಸಿರಾಡಿದಷ್ಟು ಸುಲಭ. ಆದರೆ ಆ ಸಂಜೆ ಉಸಿರಾಡುವುದೇ ಕಷ್ಟವಾಗಿತ್ತು.

"ನೋಡಿದೆ," ಎಂದೆ. "ಗೋಡೆಯಾಚೆ. ಗಾಳಕ್ಕೆ ಬಿತ್ತು."

"ಈ ಮಾತಿಗೆ ಬೆಲೆ ಇಲ್ಲ," ಎಂದು ಮ್ಯಾನೇಜರ್ ಎದ್ದ.

"ನಿಮ್ಮ ಹುಡುಗ ಅಂತ ನೀವೇ ಹೇಳಿದ್ರಿ ಸಾರ್," ಎಂದ ಅಧಿಕಾರಿ. ಅವನ ಮುಖದಲ್ಲಿ ಖುಷಿಯೇನೂ ಇರಲಿಲ್ಲ. ಕೆಲಸ ಮುಗಿಯಿತೆಂಬ ಭಾವ ಅಷ್ಟೇ. ಮೊಹರು ಒತ್ತಿದ. ದೀಪ ಆರಿಸಿದ.

ಹೊರಗೆ ಹತ್ತಾರು ಗಂಡಸರು ಕಾದಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ಒಬ್ಬ ಮೆಲ್ಲಗೆ ಕೇಳಿದ.

"ಅಕ್ಕಾ, ಹಾಗಾದ್ರೆ... ನಾವೂ ಅಲ್ಲಿ ಬಲೆ ಬಿಡಬಹುದಾ?"

"ಬಿಡ್ರಪ್ಪಾ. ಎಲ್ಲರ ನೀರು."

ಅವರು ಹೋದ ಮೇಲೆ ಕೇಳಿದೆ. "ಇವರಲ್ಲಿ ಒಬ್ಬನಾದ್ರೂ ನಿನ್ನ ಜೊತೆ ಬಂದನಾ?"

"ಇಲ್ಲ."

"ಮತ್ತೆ?"

ಅಕ್ಕ ಸೆರಗಿನ ತುದಿಯಿಂದ ನನ್ನ ಮೂಗಿನ ರಕ್ತ ಒರೆಸಿದಳು, ಮೃದುವಾಗೇನೂ ಅಲ್ಲ.

"ಎಲ್ಲರದು ಅಂದ್ರೆ ಎಲ್ಲರದು ಕಣೋ. ಒಳ್ಳೆಯವರದು ಮಾತ್ರ ಅಂತಲ್ಲ."

ಬೆಳಗ್ಗೆ ನನ್ನ ಸ್ಕೂಟರ್ ನಿಲ್ಲಿಸಿದ್ದ ಕಡೆ ಹೋದೆ. ಕಂಪನಿಯವರು ಎರಡೂ ಟೈರಿಗೆ ಚಾಕು ಹಾಕಿದ್ದರು.

ನಡೆದೇ ಹೊರಟೆ. ರಸ್ತೆಯನ್ನು ಇನ್ನೂ ಯಾರೂ ಕೊಂಡುಕೊಂಡಿರಲಿಲ್ಲ.