ಹಿಮದೂರಿನ ಅಂಚೆಯವನು ಕಾಣೆ

ಕಪಾಟಿನ ಮೂರನೆಯ ಖಾನೆಯಲ್ಲಿ, ಹಲ್ಲು ಬಿದ್ದ ಬಾಯಿಯ ಹಾಗೆ ಒಂದು ಸಂದು. ಅದರ ಎಡಕ್ಕೂ ಬಲಕ್ಕೂ ಜಪಾನಿ ಅಕ್ಷರದ ಪೆಟ್ಟಿಗೆಗಳು ಒತ್ತೊತ್ತಾಗಿ ನಿಂತಿದ್ದವು. ನಡುವೆ ಎರಡು ಬೆರಳಿನಷ್ಟು ಅಗಲಕ್ಕೆ ಏನೂ ಇರಲಿಲ್ಲ.

"ಇಲ್ಲೇ ಇತ್ತು," ಎಂದರು ಕನ್ನಡಕದವರು. "ಹತ್ತು ವರ್ಷದಿಂದ ಇಲ್ಲೇ ಇತ್ತು. ಮೊನ್ನೆ ಬೆಳಿಗ್ಗೆ ಎದ್ದು ನೋಡ್ತೀನಿ— ಇಲ್ಲ."

ಇನ್ಸ್‌ಪೆಕ್ಟರಮ್ಮ ಸಂದನ್ನು ನೋಡಿದರು, ಆಮೇಲೆ ಮನುಷ್ಯನನ್ನು ನೋಡಿದರು. ಆಕೆ ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಬಹಳ ದಿನವಾಗಿತ್ತು. ಈಗ ಕೊಲೆ ದರೋಡೆಗೆ ಯಾರೂ ಕರೆಯುತ್ತಿರಲಿಲ್ಲ. ಬೆಕ್ಕು ಕಾಣೆಯಾದರೆ, ಉಂಗುರ ಕಾಣೆಯಾದರೆ ಕರೆಯುತ್ತಿದ್ದರು. ಆಕೆ ಅದಕ್ಕೂ ಹೋಗುತ್ತಿದ್ದರು. ತನ್ನ ಮನೆಯ ಗೋಡೆ ನೋಡುತ್ತಾ ಕೂರುವ ಬದಲು ಬೇರೆಯವರ ಮನೆಯ ಗೋಡೆಯನ್ನಾದರೂ ನೋಡಿ ಬರೋಣ ಎಂದು.

ಕನ್ನಡಕದವರು ಒಂದು ಕಾಲಕ್ಕೆ ಊರಿಗೆಲ್ಲ ಕನ್ನಡಕ ಮಾಡಿಕೊಟ್ಟವರು. ಅಂಗಡಿ ಮುಚ್ಚಿದ್ದರು. ಮದುವೆ ಗೋಜಿಗೆ ಹೋಗಿರಲಿಲ್ಲ. ಆಸ್ತಿ ಅಂತ ಇದ್ದದ್ದು ಈ ಕಪಾಟು— ಹಳೆಯ ಕಾಲದ ಜಪಾನಿ ವಿಡಿಯೋ ಗೇಮ್‌ಗಳು. ಒಂದೊಂದು ಆಟಕ್ಕೂ ಒಂದು ಕ್ಯಾಸೆಟ್, ಕ್ಯಾಸೆಟ್ಟಿಗೊಂದು ರಟ್ಟಿನ ಪೆಟ್ಟಿಗೆ. ಎಂದೋ ಮುಚ್ಚಿಹೋದ ಒಂದು ಚಿಕ್ಕ ಕಂಪನಿ ತಂದ ಅಷ್ಟೂ ಆಟಗಳನ್ನು ಕೂಡಿಸುವುದು ಅವರ ಹಟ.

"ಹೋಗಿರೋದು ಯಾವುದು?"

"ಹಿಮದೂರಿನ ಅಂಚೆಯವನು." ಅವರು ಇಟ್ಟಿಗೆಯಷ್ಟು ದಪ್ಪದ ಪುಸ್ತಕ ತೆಗೆದು ಪುಟ ತೋರಿಸಿದರು. ಸಂಗ್ರಾಹಕರ ಕೈಪಿಡಿ. ಪ್ರತಿ ಆಟದ ಹೆಸರು, ವರ್ಷ, ಪೆಟ್ಟಿಗೆಯ ಚಿತ್ರ, ಎಷ್ಟು ಅಪರೂಪ ಎನ್ನುವುದಕ್ಕೆ ನಕ್ಷತ್ರಗಳು. ಈ ಆಟಕ್ಕೆ ಐದು ನಕ್ಷತ್ರವಿತ್ತು. ಚಿತ್ರದ ಚೌಕ ಮಾತ್ರ ಖಾಲಿ. ಕೆಳಗೆ ನಾಲ್ಕೇ ಸಾಲು: ಹಿಮದಲ್ಲಿ ಹೂತುಹೋದ ಊರು. ಇಬ್ಬರು ಆಡುವ ಆಟ. ಒಬ್ಬ ಅಂಚೆಚೀಲ ಹೊರುತ್ತಾನೆ, ಇನ್ನೊಬ್ಬ ಮುಂದೆ ಲಾಟೀನು ಹಿಡಿಯುತ್ತಾನೆ. ಇಬ್ಬರು ದೂರವಾದರೆ ಇಬ್ಬರಿಗೂ ದಾರಿ ತಪ್ಪುತ್ತದೆ.

"ಚಿತ್ರ ಯಾಕಿಲ್ಲ?"

"ಪುಸ್ತಕ ಬಂದಮೇಲೆ ನನಗೆ ಸಿಕ್ಕಿದ್ದು. ಆಮೇಲೆ ಬೇರೆಯವರು ಮಾಡಿದ ಕೈಪಿಡಿಗಳಲ್ಲೂ ಇದರ ಹೆಸರಿದೆ. ಅವರಿಗೂ ಚಿತ್ರ ಸಿಕ್ಕಿಲ್ಲ."

"ಬಾಗಿಲು?"

"ಬೀಗ ಒಡೆದಿಲ್ಲ. ನನ್ನದು ಬಿಟ್ರೆ ಕೀಲಿ ಇಬ್ಬರ ಹತ್ತಿರ ಇದೆ. ಒಂದು ತಮ್ಮನ ಹೆಂಡತಿ ಹತ್ತಿರ. ಇನ್ನೊಂದು—" ಅವರು ಕೈಪಿಡಿಯ ರಕ್ಷಾಪುಟದ ಹೆಸರಿನ ಮೇಲೆ ಬೆರಳಿಟ್ಟರು. "ಇದನ್ನ ಬರೆದವನ ಹತ್ತಿರ."

"ಸ್ನೇಹಿತರಾ?"

"ಆಗಿದ್ದ. ಹನ್ನೊಂದು ವರ್ಷ ಆಯ್ತು ಈ ಕಡೆ ತಲೆ ಹಾಕಿ. ಫೋನ್ ಮಾಡಿದ್ರೆ ಕೆಲಸ ಇದೆ ಅಂತಾನೆ. ಕೀಲಿ ಮಾತ್ರ ವಾಪಸ್ ಕೊಟ್ಟಿಲ್ಲ." ಅವರ ದನಿ ಗಟ್ಟಿಯಾಯಿತು. "ಭಾನುವಾರ ಸಂಗ್ರಾಹಕರ ಸಂಘದ ಸಭೆ ಇದೆ. ಅಲ್ಲಿ ನಾನು ಬಾಯಿ ಬಿಟ್ರೆ ಅವನ ಹೆಸರು ಮಣ್ಣುಪಾಲು. ಹೊಸ ಮುದ್ರಣ ಬೇರೆ ಬರ್ತಾ ಇದೆ. ಅದಕ್ಕೆ ಮುಂಚೆ ಅವನು ಇಲ್ಲಿಗೆ ಬಂದು ನನ್ನ ಮುಖ ನೋಡಿ ಹೇಳಲಿ. ಇಲ್ಲಿಗೇ ಬರಬೇಕು."

"ನಿಮಗೆ ಪೆಟ್ಟಿಗೆ ಸಿಗೋದು ಮುಖ್ಯಾನಾ, ಅವರು ಬರೋದು ಮುಖ್ಯಾನಾ?"

ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ಸ್‌ಪೆಕ್ಟರಮ್ಮ ಖಾನೆಯಿಂದ ಕೈಗೆ ಸಿಕ್ಕ ಪೆಟ್ಟಿಗೆಯೊಂದನ್ನು ಎಳೆದರು. "ಇದು?"

ಮನುಷ್ಯನ ಮುಖ ಅರಳಿತು. "ಅದಾ? ಕಪ್ಪೆ ಆಟ. ಶುರುವಾಗೋವಾಗ ಟುಣ್ ಟುಣ್ ಅಂತ ಎರಡು ಸಲ ಬರುತ್ತೆ, ಆಮೇಲೆ ನೀರಿನ ಸದ್ದು. ಮೂರನೇ ಸೇತುವೆ ದಾಟೋಕಾಗದೆ ಇಬ್ಬರೂ ಒಂದು ರಜೆ ಪೂರ್ತಿ ಒದ್ದಾಡಿದ್ವಿ. ಅವನು ಮುಂದೆ ಹೋಗೋ ಬದಲು ನನ್ನ ತಲೆ ಮೇಲೇ ಹಾರೋನು."

"ಅಂಚೆಯವನು ಶುರುವಾಗೋವಾಗ ಏನು ಸದ್ದು?"

"ಅದು... ಇಬ್ಬರ ಆಟ ಅದು. ಒಬ್ಬ ಚೀಲ ಹೊರ್ತಾನೆ, ಇನ್ನೊಬ್ಬ—"

"ಸದ್ದು?"

"ಒಬ್ಬನೇ ಹೇಗೆ ಆಡೋದು? ಹಾಕಿ ನೋಡಿಲ್ಲ."

"ಕ್ಯಾಸೆಟ್ಟಿನ ಬಣ್ಣ?"

"ಬೂದು," ಎಂದರು ತಟ್ಟನೆ.

ಆಕೆ ಬಗ್ಗಿ ಸಂದಿನೊಳಗೆ ಕಣ್ಣು ಹಾಯಿಸಿದರು. ಪಡುವಣ ಕಿಟಕಿಯ ಬಿಸಿಲು ನೇರ ಕಪಾಟಿನ ಮೇಲೇ ಬೀಳುತ್ತಿತ್ತು. ಪೆಟ್ಟಿಗೆಗಳ ಬೆನ್ನು ಮಾಸಿ ಹೋಗಿತ್ತು. ಖಾನೆಗೆ ಕಾಗದ ಹಾಸಿತ್ತು. ಕೆಳಗೆ ಆಟದ ಯಂತ್ರವಿತ್ತು, ಅದರ ಪಕ್ಕ ಕೈಯಲ್ಲಿ ಹಿಡಿದು ಆಡುವ ಎರಡು ಹಿಡಿಗಳು. ಎರಡನೆಯದರ ವೈರಿಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಅದು ಒಣಗಿ ವೈರಿಗೇ ಅಂಟಿಕೊಂಡಿತ್ತು.

"ಇಷ್ಟು ಜೋಪಾನ ಮಾಡೋರು ಕಿಟಕಿಗೆ ಪರದೆ ಹಾಕಬಾರದಾ?"

"ಪರದೆ ಹಾಕಿದ್ರೆ ಬೀದೀಲಿ ಯಾರು ಬಂದ್ರು ಅಂತ ಕಾಣಲ್ಲ," ಎಂದರು ಕನ್ನಡಕದವರು.

ತಮ್ಮನ ಹೆಂಡತಿಯದು ಎರಡು ಬೀದಿ ಆಚೆ ಹೊಲಿಗೆ ಅಂಗಡಿ. ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡೇ ಮಾತಿಗೆ ನಿಂತಳು.

"ಭಾವ ನನ್ನ ಹೆಸರೂ ಹೇಳಿದ್ರಾ?"

"ಕೀಲಿ ಇದೆ ಅಂದರು, ಅಷ್ಟೇ."

"ಇರಲಿ ಬಿಡಿ. ಆ ಪೆಟ್ಟಿಗೆ ತಗೊಂಡು ನಾನೇನು ಅಂಗಿ ಗುಂಡಿ ತುಂಬಿಡಲಾ?" ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಗೋಡೆಗೆ ಬಣ್ಣ ಹೊಡೆಸಿದಾಗ ಆ ಖಾನೆಗೆಲ್ಲ ಕಡುನೀಲಿ ಕಾಗದ ಹಾಸಿಕೊಟ್ಟವಳು ನಾನು. ಆಮೇಲೆ ಇವತ್ತಿನವರೆಗೂ ಮುಟ್ಟೋಕೆ ಬಿಟ್ಟಿಲ್ಲ."

"ಅದು ಯಾವಾಗ?"

"ಅವರ ಸ್ನೇಹಿತರು ಬರೋದು ನಿಲ್ಲಿಸಿದ್ರಲ್ಲ, ಅದಕ್ಕೆ ಸ್ವಲ್ಪ ಮುಂಚೆ."

"ಈಗ ಆಟ ಆಡ್ತಾರಾ?"

"ಎಲ್ಲಿ? ತೆಗೀತಾರೆ, ಒರೆಸ್ತಾರೆ, ಇಡ್ತಾರೆ." ಅವಳ ದನಿ ತಗ್ಗಿತು. "ನಾನು ಹೋದ್ರೆ ವಾಪಸ್ ಬರೋಕೆ ಬಿಡಲ್ಲ ನೋಡಿ. ಹೋದ ವಾರ ಗೇಟಿನ ತನಕ ಬಂದು ಹೊಲಿಗೆ ಮೆಷಿನ್ನಿಗೆ ಎಷ್ಟು ದಿನಕ್ಕೊಂದ್ಸಲ ಎಣ್ಣೆ ಬಿಡ್ತೀಯ ಅಂತ ಕೇಳ್ತಾ ನಿಂತರು. ಭಾವನಿಗೆ ಅದೆಲ್ಲ ಯಾಕೆ ಹೇಳಿ?"

ಇನ್ಸ್‌ಪೆಕ್ಟರಮ್ಮನಿಗೆ ಯಾಕೆಂದು ಚೆನ್ನಾಗಿ ಗೊತ್ತಿತ್ತು.

ಕೈಪಿಡಿ ಬರೆದ ಪುಸ್ತಕದವರ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಮುದ್ರಣದ ಕರಡು ಹಾಳೆಗಳು ಕುರ್ಚಿ, ಹಾಸಿಗೆ, ನೆಲ ಎಲ್ಲ ಕಡೆ ಹರಡಿದ್ದವು. ಕೂರಲು ಒಂದೇ ಕುರ್ಚಿ. ಎರಡನೆಯವರು ಬಂದು ಎಷ್ಟು ಕಾಲವಾಯಿತೋ. ಅವರು ಹಾಸಿಗೆಯ ಹಾಳೆ ಸರಿಸಿ ಆಕೆಗೆ ಜಾಗ ಮಾಡಿಕೊಟ್ಟರು.

"ಕನ್ನಡಕದವರ ಮನೇಲಿ ಕಳ್ಳತನ ಆಗಿದೆ."

"ಅವನು ಹುಷಾರಾಗಿದಾನೆ ತಾನೆ?" ಅದು ಅವರ ಮೊದಲ ಮಾತು.

"ಹುಷಾರಾಗಿದಾರೆ. ಒಂದು ಕ್ಯಾಸೆಟ್ ಹೋಗಿದೆ. ಹಿಮದೂರಿನ ಅಂಚೆಯವನು."

ಪುಸ್ತಕದವರ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು. "ಅದು ಅವನ ಹತ್ತಿರ ಇತ್ತು ಅಂತ ಅವನೇ ಹೇಳಿದನಾ?"

"ಹೌದು. ಕೀಲಿ ಇರೋ ನಿಮ್ಮ ಮೇಲೇ ಅನುಮಾನ."

ಮೇಜಿನ ಮೇಲೆ ಕೀಲಿಗೊಂಚಲು ಬಿದ್ದಿತ್ತು. ಅದರಲ್ಲಿ ಎರಡೇ ಕೀಲಿ. ಪುಸ್ತಕದವರು ಅದನ್ನು ಎತ್ತಿಕೊಂಡು ಒಂದು ಕೀಲಿಯನ್ನು ಬೆರಳಿನಿಂದ ಸವರಿದರು. ಆಮೇಲೆ ಹೇಳಿದರು:

"ನಾನೇ ತಗೊಂಡೆ."

"ಈಗ ಎಲ್ಲಿದೆ?"

"ಒಡೆದು ಬಿಸಾಡಿದೆ. ಇನ್ನು ಅದರ ಆಸೆ ಬಿಟ್ಟುಬಿಡು ಅಂತ ಹೇಳಿ ಅವನಿಗೆ."

"ಯಾವ ಬಣ್ಣದ್ದು ಅದು?"

"ಬಣ್ಣ... ಹಳದಿ."

ಸಿಕ್ಕಿಬಿದ್ದ ಕಳ್ಳ ಇಲ್ಲ ಎನ್ನುತ್ತಾನೆ, ದೇವರಾಣೆ ಇಡುತ್ತಾನೆ, ಅಳುತ್ತಾನೆ. ಕೇಳುವ ಮೊದಲೇ ಒಪ್ಪಿಕೊಂಡು, ಮೇಲಿಂದ ಸಮಾಧಾನದ ಉಸಿರು ಬಿಡುವವನನ್ನು ಇನ್ಸ್‌ಪೆಕ್ಟರಮ್ಮ ನೋಡಿರಲಿಲ್ಲ.

"ನಾಳೆ ಸಂಜೆ ಅವರ ಮನೆಗೆ ಬನ್ನಿ. ಇದನ್ನೇ ಅವರ ಮುಂದೆ ಹೇಳಿ."

"ನಾನು ಬರಲ್ಲ."

"ಕದಿಯೋಕೆ ಅಲ್ಲಿಗೆ ಹೋದವರಿಗೆ ಹೇಳೋಕೆ ಹೋಗೋದು ಕಷ್ಟವಾ? ಬನ್ನಿ."

ಆ ಸಂಜೆ ಆಕೆ ತನ್ನ ಮನೆಯ ಬೀಗ ತೆಗೆದರು. ಆ ಬೀಗಕ್ಕೂ ಇನ್ನೊಂದು ಕೀಲಿ ಇತ್ತು. ಕೊಡಲು ಯಾರೂ ಇಲ್ಲದೆ ಡಬ್ಬಿಯಲ್ಲೇ ಉಳಿದಿತ್ತು.

ಮರುದಿನ ಪುಸ್ತಕದವರು ಬಂದರು. ಕೀಲಿ ಕೈಯಲ್ಲಿದ್ದರೂ ಬಾಗಿಲು ತಟ್ಟಿದರು. ಕನ್ನಡಕದವರು ಬಾಗಿಲು ತೆಗೆದು, "ಕೂದಲೆಲ್ಲ ಹೋಯ್ತಲ್ಲೋ," ಎಂದರು. ಕಳ್ಳನನ್ನು ಯಾರೂ ಹಾಗೆ ಮಾತನಾಡಿಸುವುದಿಲ್ಲ. ಪುಸ್ತಕದವರು ಒಳಗೆ ಬಂದರು, ಆದರೆ ಕಪಾಟಿನ ಕಡೆ ಮುಖ ಮಾಡಲಿಲ್ಲ. ತಮ್ಮನ ಹೆಂಡತಿ ಅಳತೆ ಪಟ್ಟಿಯ ಸಮೇತ ಬಂದು ಬಾಗಿಲಿಗೆ ಒರಗಿ ನಿಂತಳು.

ಇನ್ಸ್‌ಪೆಕ್ಟರಮ್ಮ ಸಂದಿನ ಪಕ್ಕದ ಕಪ್ಪೆ ಆಟದ ಪೆಟ್ಟಿಗೆಯನ್ನು ಹೊರಗೆ ಎಳೆದರು.

"ಕಾಗದ ನೋಡಿ. ಪೆಟ್ಟಿಗೆ ಇದ್ದ ಕಡೆ ಇನ್ನೂ ಕಡುನೀಲಿ. ಸಂದಿನಲ್ಲಿ?"

ಸಂದಿನ ಉದ್ದಕ್ಕೂ, ಹಿಂದಿನ ಹಲಗೆಯವರೆಗೂ, ಕಾಗದ ಬಿಳಿಚಿಕೊಂಡಿತ್ತು.

"ಮೊನ್ನೆ ಮೊನ್ನೆ ಖಾಲಿಯಾದ ಜಾಗಕ್ಕೆ ಎರಡು ಮೂರು ದಿನದಲ್ಲಿ ಇಷ್ಟು ಬಿಸಿಲು ಬೀಳಲ್ಲ. ಕಾಗದ ಹಾಸಿದಾಗಿನಿಂದ ಇಲ್ಲಿ ಪೆಟ್ಟಿಗೆ ನಿಂತೇ ಇಲ್ಲ. ಹೌದಾ?"

ಕನ್ನಡಕದವರು ತಲೆ ತಗ್ಗಿಸಿದರು. "ಸಿಗದ ಆಟಕ್ಕೆ ಜಾಗ ಬಿಟ್ಟಿರ್ತೀವಿ. ಕೂಡಿಸೋರೆಲ್ಲ ಹಾಗೇ ಮಾಡೋದು." ಆಮೇಲೆ ಸ್ನೇಹಿತನ ಕಡೆ ತಿರುಗಿದರು. "ಇನ್ನೇನಂತ ಕರೀಲೋ ನಿನ್ನ? ಜ್ವರ ಅಂತ ಕರೆದೆ, ಬರಲಿಲ್ಲ. ಕಳ್ಳ ಅಂದರೆ ಜಗಳಕ್ಕಾದರೂ ಬರ್ತೀಯ ಅನ್ಕೊಂಡೆ."

"ಇದು ಒಂದು ಸುಳ್ಳು," ಎಂದರು ಇನ್ಸ್‌ಪೆಕ್ಟರಮ್ಮ. "ಎರಡನೇದು ಇದಕ್ಕಿಂತ ಹಳೇದು." ಅವರು ಪುಸ್ತಕದವರತ್ತ ನೋಡಿದರು. "ಇಲ್ಲದ ಪೆಟ್ಟಿಗೇನ ನೀವು ಹೇಗೆ ಕದ್ದಿರಿ? ಇವರು ಬೂದು ಅಂದರು, ನೀವು ಹಳದಿ ಅಂದಿರಿ. ಇಬ್ಬರೂ ಅದನ್ನ ಕಂಡಿಲ್ಲ. ಇವರ ಹತ್ತಿರ ಅದು ಇರೋಕೆ ಸಾಧ್ಯವೇ ಇಲ್ಲ ಅಂತ ನಿಮಗೆ ನಿಂತ ನಿಲುವಿನಲ್ಲೇ ಗೊತ್ತಾಯ್ತು. ಇಷ್ಟು ವರ್ಷ ಈ ಹೊಸಿಲು ತುಳಿಯದವರಿಗೆ ಅದು ಹೇಗೆ ಗೊತ್ತಾಗಬೇಕು? ಒಂದೇ ದಾರಿ. ಅದು ಇಲ್ಲಿ ಅಷ್ಟೇ ಅಲ್ಲ, ಎಲ್ಲೂ ಇಲ್ಲ."

ಪುಸ್ತಕದವರು ಕುರ್ಚಿ ಹಿಡಿದು ಕೂತರು.

"ಕೈಪಿಡಿ ಮಾಡೋರು ಬೇಕಂತಲೇ ಇಲ್ಲದ ಆಟ ಒಂದನ್ನ ಸೇರಿಸ್ತೀವಿ," ಎಂದರು. "ಬೇರೆಯವರ ಪುಸ್ತಕದಲ್ಲೂ ಅದು ಬಂದ್ರೆ ನಮ್ಮದನ್ನ ನೋಡಿ ಬರೆದಿದಾರೆ ಅಂತ ಗೊತ್ತಾಗ್ಲಿ ಅಂತ. ಕಳ್ಳರಿಗೆ ಇಟ್ಟ ಬೋನು. ಬೇರೆಯವರು ಬಿದ್ದರು, ನಕ್ಕೆ. ಆಮೇಲೆ ನೋಡ್ತೀನಿ— ಇವನೇ ಜಾಗ ಬಿಟ್ಟು ಕಾಯ್ತಾ ಕೂತಿದಾನೆ. ಬಂದಾಗೆಲ್ಲ ಆ ಸಂದು ತೋರಿಸೋನು. ಸಿಕ್ಕೇ ಸಿಗುತ್ತೆ ಅನ್ನೋನು. ಹೇಳೋಕೆ ಬಾಯಿ ಬರಲಿಲ್ಲ. ಬರೋದೇ ಬಿಟ್ಟೆ."

ತಮ್ಮನ ಹೆಂಡತಿ ಒಬ್ಬರಾದ ಮೇಲೊಬ್ಬರ ಮುಖ ನೋಡಿದಳು. "ಹಾಗಾದ್ರೆ ಕಳ್ಳ ಯಾರು?"

"ಇವರೇ," ಎಂದು ಇನ್ಸ್‌ಪೆಕ್ಟರಮ್ಮ ಪುಸ್ತಕದವರನ್ನು ತೋರಿಸಿದರು. "ಕಳ್ಳತನ ಆಗಿರೋದು ನಿಜ. ಹೋಗಿರೋದು ಹನ್ನೊಂದು ವರ್ಷ."

ಕನ್ನಡಕದವರು ಕಪ್ಪೆ ಆಟದ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಆಡಿದ್ದು ನಿನ್ನದರಲ್ಲಿ. ನನ್ನದು ಅಂತ ಇದು ಸಿಕ್ಕಿದ್ದು ಎಲ್ಲಕ್ಕಿಂತ ಕೊನೇಲಿ. ತಂದ ದಿನ ನೀನು ಇಲ್ಲೇ ಇದ್ದೆ. ಇನ್ನೊಂದೇ ಬಾಕಿ ಅಂದೆ ನಾನು."

"ಅಂದೆ."

"ಅವತ್ತೇ ಎಲ್ಲ ಪೂರ್ತಿ ಆಗಿತ್ತಾ?"

"ಆಗಿತ್ತು."

"ಪೂರ್ತಿ ಆದ ದಿನ ಬೆಳಗಿಂದ ಸಂಜೆವರೆಗೂ ಆಡೋಣ ಅಂತ ಮಾತಾಗಿತ್ತು. ನೀನು ತಲೆನೋವು ಅಂತ ಎದ್ದು ಹೋದೆ. ಮತ್ತೆ ಬರಲಿಲ್ಲ."

ಪುಸ್ತಕದವರು ಕಣ್ಣು ಒರೆಸಿಕೊಂಡು ಕೀಲಿಯನ್ನು ಖಾನೆಯ ಅಂಚಿಗಿಟ್ಟರು. "ಭಾನುವಾರ ಸಂಘದಲ್ಲಿ ನಾನೇ ಎದ್ದು ನಿಂತು ಹೇಳ್ತೀನಿ. ಪುಸ್ತಕಕ್ಕೆ ಏನಾಗುತ್ತೋ ಆಗಲಿ."

"ಕೀಲಿ ಜೇಬಿಗಿಟ್ಕೋ," ಎಂದರು ಕನ್ನಡಕದವರು. ಕೆಳಗೆ ಕೂತು ಎರಡನೆಯ ಹಿಡಿಯ ವೈರಿನಿಂದ ರಬ್ಬರನ್ನು ಉಗುರಿನಲ್ಲಿ ಕೆರೆಯತೊಡಗಿದರು. ಅದು ಚೂರುಚೂರಾಗಿ ಉದುರಿತು. "ಆ ಅಂಚೆಯವನ ಆಟ ಹೇಗೆ ಮುಗಿಯುತ್ತೆ?"

"ಗೊತ್ತಿಲ್ಲ ಕಣೋ. ಆ ನಾಲ್ಕು ಸಾಲು ಬಿಟ್ಟು ಮುಂದೆ ಯೋಚನೆನೇ ಮಾಡಿರಲಿಲ್ಲ."

"ನಾನು ಮಾಡಿದೀನಿ," ಎಂದರು ಕನ್ನಡಕದವರು, ತಲೆಯೆತ್ತದೆ. "ದಿನಾ ಮಾಡಿದೀನಿ. ಒಂದೊಂದು ಬೀದಿನೂ ಗೊತ್ತು, ಯಾವ ಮನೆಗೆ ಯಾವ ಪತ್ರ ಅಂತ ಗೊತ್ತು. ಶುರುವಿನ ಸದ್ದು ಒಂದು ಮಾತ್ರ ಹೊಳೆದಿಲ್ಲ. ಕೂತ್ಕೋ, ಹೇಳ್ತೀನಿ."

ಇನ್ಸ್‌ಪೆಕ್ಟರಮ್ಮ ಚಪ್ಪಲಿ ಮೆಟ್ಟಿಕೊಂಡರು. ಮೆಟ್ಟಿಲು ಇಳಿಯುವಾಗ ಒಳಗಿನ ಮಾತು ಇನ್ನೂ ಕೇಳುತ್ತಿತ್ತು.

"ಮೊದಲು ಬಣ್ಣ ಸರಿಮಾಡ್ಕೋ. ಹಳದಿ ಅಲ್ಲ ಅದು. ಬೂದು."